ಗ್ಯಾದರಿಂಗ್‌ನಲ್ಲಿ ಕುಣಿಯಲೇಬೇಕಾ?

ಪ್ರಶ್ನೆ: ನಾನು ಯಲ್ಲಾಪುರ ಕಡೆಯವಳು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ. ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದೇನೆ. ಸಿಕ್ಕವರೆಲ್ಲ ‘ಯಾವ ದೇಶ?’ ಎನ್ನುತ್ತಾರೆ, ನನ್ನ ಕನ್ನಡ ಕೇಳಿ ನಗುತ್ತಾರೆ. ನನ್ನನ್ನು ಕೇಳದೆಯೇ ಮೇಡಂ ಕಾಲೇಜಿನ ಗ್ಯಾದರಿಂಗ್‌ನಲ್ಲಿ ನಮ್ಮ ಸಿದ್ದಿಗಳ ಡಮಾಮಿ ಕುಣಿತಕ್ಕೆ ಹೆಸರು ಬರೆದುಕೊಂಡಿದ್ದಾರೆ. ಕೂದಲು ಸ್ಟ್ರೇಟ್ ಮಾಡಿಸೋಣ ಅನಿಸುತ್ತದೆ. ಆಯಿ ಹೊಲಿದುಕೊಟ್ಟ ಕೌದಿಯನ್ನು ಟ್ರಂಕಿನಲ್ಲಿ ಮುಚ್ಚಿಟ್ಟಿದ್ದೇನೆ. ನಮ್ಮವರೆಂದರೆ ನನಗೆ ನಾಚಿಕೆಯೇ?

ಉತ್ತರ: ತಂಗೀ, ಮೊದಲು ಮೇಡಂ ವಿಷಯ ಮುಗಿಸೋಣ. ಕುಣಿಯಲು ಬರುವುದಿಲ್ಲ ಎಂಬ ಸುಳ್ಳು ಬೇಡ. ‘ಈ ಸಲ ಒಲ್ಲೆ ಮೇಡಂ, ಚರ್ಚಾಸ್ಪರ್ಧೆಗೆ ಹಾಕ್ರಿ’ ಅನ್ನು. ಊರಲ್ಲಿ ಅಜ್ಜಿ, ಚಿಕ್ಕಮ್ಮಂದಿರ ಜೊತೆ ಡಮಾಮಿಗೆ ಹೆಜ್ಜೆ ಹಾಕುವುದೇ ಬೇರೆ, ಮುಖ್ಯ ಅತಿಥಿಗಳೆದುರು ‘ಈಗ ಆಫ್ರಿಕನ್ ಡ್ಯಾನ್ಸ್’ ಎಂದು ಕರೆಸಿಕೊಂಡು ಕುಣಿಯುವುದೇ ಬೇರೆ. ನಿನಗೇ ಮನಸ್ಸಾದ ದಿನ ಕುಣಿ. ಒಲ್ಲೆ ಅಂದರೆ ಮನೆತನ ಬಿಟ್ಟಂತಲ್ಲ.

‘ಯಾವ ದೇಶ?’ ಎಂದವರಿಗೆ ‘ಯಲ್ಲಾಪುರ’ ಅಂದರೆ ಸಾಕು. ಸಿಕ್ಕಸಿಕ್ಕವರಿಗೆ ಚರಿತ್ರೆ ಒಪ್ಪಿಸುವುದು ನಿನ್ನ ಕೆಲಸವಲ್ಲ. ಆದರೆ ನಿನಗೆ ಅದು ಗೊತ್ತಿರಲಿ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಸಿದ್ದಿಗಳ ಹಿರಿಯರಲ್ಲಿ ಅಂಥವರಿದ್ದಾರೆ. ತಲೆತಗ್ಗಿಸುವಂಥದ್ದು ಏನಾದರೂ ಇದ್ದರೆ ಅದು ಮಾರಿದವರ ಕಡೆಯದು, ಓಡಿಬಂದವರದಲ್ಲ. ಇದೇ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ನಗುವ ಹುಡುಗರಿಗೆ ಬಹುಶಃ ಅದೂ ಗೊತ್ತಿಲ್ಲ.

ಕೂದಲು ನಿನ್ನದು, ನಿರ್ಧಾರವೂ ನಿನ್ನದೇ. ಆದರೆ ಬುಡದಿಂದ ಮತ್ತೆ ಗುಂಗುರೇ ಬರುತ್ತದೆ, ಪ್ರತಿ ಸಲ ದುಡ್ಡು ಸುರಿಯಬೇಕು. ಬರೀ ನಗು ನಿಲ್ಲಿಸಲು ಅಂತಿದ್ದರೆ ಬೇಡ. ನಗುವವರು ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ.

ಇನ್ನು ಆಯಿ. ದಿನಾ ನಾಲ್ಕು ಜನ ನಕ್ಕರೆ ಯಾರಿಗಾದರೂ ಮೈ ಹಿಡಿಯಾಗುತ್ತದೆ, ಅದನ್ನು ಆಯಿಯ ಮೇಲಿನ ನಾಚಿಕೆ ಎಂದುಕೊಳ್ಳಬೇಡ. ಕೌದಿಯ ಮೂಲೆಗಳನ್ನು ಒಮ್ಮೆ ನೋಡು. ಬಟ್ಟೆ ಮಡಚಿ ಹೊಲಿದ ಮುಕ್ಕೋನದ ಹೂಗಳಿರುತ್ತವೆ. ಅವಿಲ್ಲದೆ ನಿಮ್ಮ ಹೆಂಗಸರು ಕೌದಿ ಮುಗಿಯಿತು ಅನ್ನುವುದಿಲ್ಲ. ಅವು ಯಾರ ಹಳೇ ಸೀರೆಯವು ಅಂತ ಆಯಿಗೆ ಫೋನ್ ಮಾಡಿ ಕೇಳು. ಮಾತು ಅಲ್ಲಿಂದ ಶುರುವಾದರೆ ಉಳಿದದ್ದನ್ನೂ ಹೇಳಲಾದೀತು.

ಬಣ್ಣ, ಜಾತಿ ಹಿಡಿದು ಅಡ್ಡಹೆಸರಿಟ್ಟು ಕೂಗುವವರಿದ್ದರೆ ಮಾತ್ರ ಸುಮ್ಮನಿರಬೇಡ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದವರು. ಬೇಕೆಂದೇ ನಾಲ್ಕು ಜನರೆದುರು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಬಹುದು. ಯಾರು, ಯಾವತ್ತು, ಏನಂದರು ಎಂದು ಬರೆದು ವಾರ್ಡನ್‌ಗೆ ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.