ಮಲೇಷ್ಯನ್ ಹೋಟೆಲ್‌ನಲ್ಲಿ ಸಸ್ಯಾಹಾರಿಗೆ ಏನು ಸಿಗುತ್ತೆ?

ಮೆಲ್ಬರ್ನ್‌ಗೆ ಹೊಸದಾಗಿ ಬಂದಿದ್ದೇನೆ, ಗೆಳೆಯರು ಒಂದು ಸಣ್ಣ ಮಲೇಷ್ಯನ್ ಹೋಟೆಲ್‌ಗೆ ಕರೆಯುತ್ತಿದ್ದಾರೆ, ಸಸ್ಯಾಹಾರಿ ನಾನು ಹೋಗಲಾ ಬೇಡವಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾನೂ ಬಂದ ಹೊಸದರಲ್ಲಿ ಮೂವರು ಗೆಳೆಯರ ಜೊತೆ ಅಂಥದ್ದೇ ಆರೇಳು ಟೇಬಲ್‌ನ ಜಾಗಕ್ಕೆ ಹೋಗಿದ್ದೆ, ಈಗಲೂ ಹೋಗುತ್ತೇನೆ.

ಮೊದಲು ರೋಟಿ ಚನಾಯ್ ಹೇಳಿ. ನಮ್ಮ ಪರೋಟದ ನೆಂಟನೇ ಅದು, ದಕ್ಷಿಣ ಭಾರತದಿಂದ ಹೋದವರು ಮಲೇಷ್ಯಾಗೆ ಒಯ್ದ ತಿಂಡಿ. ಮೈದಾ ಉಂಡೆಯನ್ನು ಕೈಯಲ್ಲೇ ಬೀಸಿ ಬೀಸಿ ಹಾಳೆಯಷ್ಟು ತೆಳ್ಳಗೆ ಮಾಡಿ, ಮಡಚಿ, ಕಾವಲಿಯಲ್ಲಿ ಬೇಯಿಸಿ, ಕೊನೆಗೆ ಎರಡೂ ಅಂಗೈಯಿಂದ ತಟ್ಟಿ ಪದರ ಬಿಡಿಸುತ್ತಾರೆ. ಬಿಸಿ ಇರುವಾಗಲೇ ಮುರಿದು ಬೇಳೆ ಸಾರಿನಲ್ಲಿ ಅದ್ದಿ ತಿನ್ನಿ. ಮೀನಿನ ಕರಿ ಕೊಡುವುದೂ ಉಂಟು, ಹಾಗಾಗಿ ಬೇಳೆಯದ್ದೇ ಬೇಕು ಅಂತ ಮೊದಲೇ ಹೇಳಿಬಿಡಿ. ಕೆಲವರು ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಅದನ್ನೂ ಕೇಳಿ.

ಜಾಸ್ತಿ ಎಚ್ಚರ ಬೇಕಾಗಿರುವುದು ಸಂಬಾಲ್ ವಿಷಯದಲ್ಲಿ. ನೋಡೋಕೆ ನಮ್ಮ ಕೆಂಪು ಚಟ್ನಿ ಥರಾನೇ ಅನ್ಸುತ್ತೆ, ಆದರೆ ಸಾಮಾನ್ಯವಾಗಿ ಅದರಲ್ಲಿ ಬೆಲಚಾನ್, ಅಂದರೆ ಸಿಗಡಿ ಪೇಸ್ಟ್ ಇರುತ್ತದೆ. ನಾಸಿ ಲೆಮಾಕ್‌ನ ತೆಂಗಿನಹಾಲಿನ ಅನ್ನ ಘಮ್ಮಂತ ಇರುತ್ತೆ, ಆದರೆ ಜೊತೆಗೆ ಹುರಿದ ಸಣ್ಣ ಒಣಮೀನು ಬರುತ್ತದೆ. ಲಕ್ಸಾ ಅಂದರೆ ಖಾರದ ಸಾರಿನಲ್ಲಿ ಕೊಡುವ ನೂಡಲ್ಸ್, ಅದಕ್ಕೆ ತರಕಾರಿ ಅಂತ ಬರೆದಿದ್ದರೂ ಸಾರಿನಲ್ಲಿ ಒಣಸಿಗಡಿ ಇರಬಹುದು.

ಕೊನೆಗೆ ಚೆಂಡೋಲ್ ತರಿಸಿ. ಪುಡಿ ಐಸ್, ತೆಂಗಿನಹಾಲು, ಹಸಿರು ಶಾವಿಗೆಯಂಥ ಎಳೆಗಳು, ಮೇಲೆ ಕಪ್ಪು ಬೆಲ್ಲದ ಪಾಕ. ನಾಲ್ಕು ಜನಕ್ಕೆ ಒಂದೇ ಬಟ್ಟಲು ಅಂತ ಮಾತ್ರ ಹೇಳಬೇಡಿ, ಸಾಲುವುದಿಲ್ಲ.