ರಾತ್ರಿ ಕಾಲುನೋವೆಂದು ಅಳುವ ಮಗ ಬೆಳಗ್ಗೆ ಎದ್ದು ಓಡಾಡುತ್ತಾನೆ. ಹೆದರಬೇಕಾ?

ಪ್ರಶ್ನೆ: ಮಗನಿಗೆ 6 ವರ್ಷ, ತೂಕ 20 ಕೆ.ಜಿ. ಮೂರು ತಿಂಗಳಿಂದ ವಾರಕ್ಕೆ ಎರಡು ಮೂರು ರಾತ್ರಿ ಕಾಲು ನೋವೆಂದು ಎದ್ದು ಅಳುತ್ತಾನೆ. ಒತ್ತಿದರೆ ಅರ್ಧ ಗಂಟೆಯಲ್ಲಿ ಮಲಗುತ್ತಾನೆ. ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಆಡುತ್ತಾನೆ. ಡಾಕ್ಟರು ‘ಬೆಳವಣಿಗೆ ನೋವು’ ಅಂದರು. ಆದರೆ ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ 290, ಎಎಸ್‌ಒ 400 ಎಂದು ದಪ್ಪಕ್ಷರದಲ್ಲಿ ಬಂದಿದೆ. ಏನೋ ದೊಡ್ಡದು ತಪ್ಪಿಹೋಗುತ್ತಿದೆಯಾ ಎಂಬ ಭಯ.

ಉತ್ತರ:

ನಾನು ಮಕ್ಕಳ ವೈದ್ಯ. ಮಗುವನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನೀವು ಬರೆದಷ್ಟರಲ್ಲಿ ನಿಮ್ಮ ಡಾಕ್ಟರು ಹೇಳಿದ್ದೇ ಸರಿಯೆನಿಸುತ್ತದೆ. ಈ ನೋವಿನಲ್ಲಿ ರಾತ್ರಿ ಎಷ್ಟು ಅತ್ತ ಎನ್ನುವುದರಿಂದ ತಿಳಿಯುವುದು ಕಡಿಮೆ. ಬೆಳಗ್ಗೆ ಹಾಸಿಗೆಯಿಂದ ಎದ್ದ ಮೊದಲ ಹತ್ತು ನಿಮಿಷ ಹೇಗೆ ನಡೆದ ಎನ್ನುವುದರಿಂದ ತಿಳಿಯುವುದೇ ಹೆಚ್ಚು.

ಬೆಳವಣಿಗೆ ನೋವು ಹೆಚ್ಚಾಗಿ 3ರಿಂದ 12 ವರ್ಷದ ಮಕ್ಕಳಲ್ಲಿ ಕಾಣುತ್ತದೆ. ಎರಡೂ ಕಾಲಿಗೆ, ಅಥವಾ ಇವತ್ತು ಒಂದು ನಾಳೆ ಇನ್ನೊಂದು ಎಂಬಂತೆ ಬರುತ್ತದೆ. ಜಾಗ ಮೀನಖಂಡ, ತೊಡೆ, ಮೊಣಕಾಲಿನ ಹಿಂಭಾಗ. ಕೀಲಿನೊಳಗಲ್ಲ, ಮಾಂಸಖಂಡದಲ್ಲಿ. ಸಂಜೆಗೋ ನಡುರಾತ್ರಿಗೋ ಶುರುವಾಗಿ ಬೆಳಗ್ಗೆ ಪೂರ್ತಿ ಹೋಗಿರುತ್ತದೆ, ನಡುವೆ ನೋವಿಲ್ಲದ ದಿನಗಳು ಎಷ್ಟೋ ಇರುತ್ತವೆ. ಹೆಸರು ಹಾಗಿದ್ದರೂ ಎತ್ತರ ಬೆಳೆಯುವುದಕ್ಕೂ ಇದಕ್ಕೂ ಸಂಬಂಧ ಸಿಕ್ಕಿಲ್ಲ. ಮಕ್ಕಳು ಅತಿ ವೇಗವಾಗಿ ಬೆಳೆಯುವುದು ಮೊದಲ ವರ್ಷ ಮತ್ತು ಹರೆಯದಲ್ಲಿ, ಈ ನೋವು ಬರುವುದು ಇವೆರಡರ ನಡುವೆ. ಇಡೀ ದಿನ ಕುಣಿದು ಕುಪ್ಪಳಿಸಿದ ರಾತ್ರಿ ಹೆಚ್ಚು. ಕೀಲುಗಳು ಸಡಿಲ ಇರುವ ಮಕ್ಕಳಲ್ಲೂ ಹೆಚ್ಚು. ನಾಟಕ ಮಾಡುತ್ತಾನೆ ಎಂದು ಗದರಬೇಡಿ, ನೋವು ನಿಜವಾದದ್ದೇ.

ಈಗ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಗಲು ಹೊತ್ತು, ಚಡ್ಡಿ ಮಾತ್ರ ಹಾಕಿಸಿ, ಆಟವೆಂಬಂತೆ. ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ. ಎರಡೂ ಮೊಣಕಾಲು ನೆಲದಿಂದ ಒಂದೇ ಎತ್ತರದಲ್ಲಿ ಇರಬೇಕು. ಸೊಂಟದ ಕೀಲಿನಲ್ಲಿ ತೊಂದರೆಯಿದ್ದರೆ ಆ ಕಡೆಯ ಮೊಣಕಾಲು ಮೇಲೆಯೇ ನಿಲ್ಲುತ್ತದೆ, ಅಥವಾ ಮಗು ಕಾಲು ಚಾಚಿಕೊಂಡೇ ಕೂರುತ್ತದೆ. ಊಟಕ್ಕೆ ನೆಲದಲ್ಲಿ ಕೂರುತ್ತಿದ್ದ ಮಗು ಇದ್ದಕ್ಕಿದ್ದಂತೆ ಕುರ್ಚಿಯೇ ಬೇಕೆಂದರೆ ನಾನಂತೂ ಕಿವಿ ನಿಮಿರಿಸುತ್ತೇನೆ. ಆಮೇಲೆ ಬೋರಲು ಮಲಗಿಸಿ, ಮೊಣಕಾಲು ಮಡಚಿ ಪಾದ ಮೇಲಕ್ಕೆ ಮಾಡಿ, ಎರಡೂ ಪಾದಗಳನ್ನು ಮೆಲ್ಲಗೆ ಹೊರಕ್ಕೆ ವಾಲಿಸಿ. ಎರಡೂ ಸಮನಾಗಿ ವಾಲಬೇಕು. ಒಂದು ಅಡ್ಡಿಯಾಗಿ ನಿಂತರೆ ಅಥವಾ ಮಗು ಮುಖ ಕಿವುಚಿದರೆ ಆ ಸೊಂಟವನ್ನು ತೋರಿಸಬೇಕು. ನಂತರ ಕುಕ್ಕರಗಾಲಲ್ಲಿ ಕೂರಿಸಿ ಎಬ್ಬಿಸಿ. ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತಾ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಿದ್ದರೆ ಅದು ಸ್ನಾಯು ದುರ್ಬಲತೆಯ ಲಕ್ಷಣ. ಮೀನಖಂಡ ದಪ್ಪಗಾಗಿ, ಮೆಟ್ಟಿಲು ಹತ್ತಲು ಕಷ್ಟಪಡುವ ಗಂಡುಮಕ್ಕಳಲ್ಲಿ ಸಿಪಿಕೆ ಎಂಬ ರಕ್ತ ಪರೀಕ್ಷೆ ಬೇಕು. ಕೊನೆಗೆ ಒಂಟಿ ಕಾಲಲ್ಲಿ ಕುಂಟಾಬಿಲ್ಲೆ ಹಾರಿಸಿ, ಎರಡೂ ಕಾಲಲ್ಲಿ. ಇಷ್ಟೆಲ್ಲ ಸಲೀಸಾಗಿ ಮಾಡಿದರೆ ನಿಮ್ಮ ಅರ್ಧ ಭಯ ಅಲ್ಲಿಗೇ ಕಳೆಯಬೇಕು.

ಇನ್ನೊಂದು, ರಾತ್ರಿ ನೋವಿದ್ದಾಗಲೇ ನೋಡಬೇಕಾದದ್ದು. ಬೆಳವಣಿಗೆ ನೋವಿನ ಮಗು ‘ಒತ್ತಮ್ಮಾ’ ಎಂದು ಕಾಲು ನಿಮ್ಮ ಮಡಿಲಿಗೆ ಹಾಕುತ್ತದೆ. ಮೂಳೆಯಲ್ಲೋ ಕೀಲಿನಲ್ಲೋ ರೋಗವಿರುವ ಮಗು ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತದೆ.

ರಿಪೋರ್ಟಿನ ವಿಷಯ. ಆಲ್ಕಲೈನ್ ಫಾಸ್ಫಟೇಸ್ ಬೆಳೆಯುತ್ತಿರುವ ಮೂಳೆಯಿಂದಲೂ ರಕ್ತಕ್ಕೆ ಬರುವ ಕಿಣ್ವ. ಮಕ್ಕಳಲ್ಲಿ ಅದು ದೊಡ್ಡವರಿಗಿಂತ ಎರಡು ಮೂರು ಪಟ್ಟು ಇರುವುದೇ ಸಹಜ. ಲ್ಯಾಬಿನ ಕಂಪ್ಯೂಟರು ದೊಡ್ಡವರ ಮಿತಿಯನ್ನೇ ಪಕ್ಕದಲ್ಲಿ ಮುದ್ರಿಸಿ ದಪ್ಪಕ್ಷರ ಹಾಕುತ್ತದೆ, ಅಷ್ಟೇ. 6 ವರ್ಷಕ್ಕೆ 290 ಎಂಬುದು ಮಾಮೂಲು. ಅದರ ಜೊತೆ ಫಾಸ್ಫರಸ್ ಅಥವಾ ಕ್ಯಾಲ್ಸಿಯಂ ಕಡಿಮೆಯಾಗಿ, ಮಣಿಕಟ್ಟು ದಪ್ಪಗಾಗಿ, ಕಾಲು ಬಾಗಿದ್ದರೆ ಆಗ ರಿಕೆಟ್ಸ್ ಎಂಬ, ಮೂಳೆ ಮೆದುವಾಗುವ ರೋಗವನ್ನು ಯೋಚಿಸಬೇಕು.

ಎಎಸ್‌ಒ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಅದು ಹೇಳುವುದು ಇಷ್ಟೇ: ಇತ್ತೀಚೆಗೆ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದುಹೋಗಿದೆ. ಶಾಲೆಗೆ ಹೋಗುವ ಮಗುವಿನಲ್ಲಿ 200 ದಾಟುವುದು, 400 ಮುಟ್ಟುವುದು ಅಪರೂಪವೇನಲ್ಲ. ಇದೊಂದೇ ಅಂಕಿ ಹಿಡಿದು ‘ಹೃದಯಕ್ಕೆ ಬರುವ ವಾತಜ್ವರ’ ಎಂದು ಹೆದರಿಸಿ, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಚುಚ್ಚಿಸುವುದು ತಪ್ಪು. ಆ ವಾತಜ್ವರದ, ಅಂದರೆ ರುಮ್ಯಾಟಿಕ್ ಜ್ವರದ, ಕೀಲುನೋವು ಬೇರೆಯೇ. ಗಂಟಲುನೋವಾಗಿ ಎರಡು ಮೂರು ವಾರಕ್ಕೆ ಜ್ವರದ ಜೊತೆ ಮೊಣಕಾಲು, ಹಿಮ್ಮಡಿಗಂಟು ಊದಿ ಬಿಸಿಯಾಗುತ್ತವೆ, ಹೊದಿಕೆ ತಗುಲಿದರೂ ಮಗು ಚೀರುತ್ತದೆ. ಒಂದು ಕೀಲು ಇಳಿಯುವಷ್ಟರಲ್ಲಿ ಇನ್ನೊಂದು ಏರುತ್ತದೆ. ಬೆಳಗ್ಗೆ ಮಾಯವಾಗುವ ನೋವಲ್ಲ ಅದು. ಯಾರಾದರೂ ಆ ಇಂಜೆಕ್ಷನ್ ಬರೆದುಕೊಟ್ಟರೆ ‘ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡೋಣವೇ, ಯಾವ ಲಕ್ಷಣದ ಮೇಲೆ ಹೇಳುತ್ತಿದ್ದೀರಿ’ ಎಂದು ಕೇಳಿ. ಖಚಿತವಾದ ರುಮ್ಯಾಟಿಕ್ ಜ್ವರಕ್ಕೆ ಮಾತ್ರ ಆ ಇಂಜೆಕ್ಷನ್ ಒಂದೂ ತಪ್ಪಿಸಬಾರದು, ಅದೂ ಅಷ್ಟೇ ಸತ್ಯ. ಹಾಗೆಯೇ ಆರ್‌ಎ ಫ್ಯಾಕ್ಟರ್ ಎಂಬ ಸಂಧಿವಾತದ ರಕ್ತ ಪರೀಕ್ಷೆ ಮಾಡಿಸಲು ದುಡ್ಡು ಕೊಡಬೇಡಿ. ಮಕ್ಕಳ ಸಂಧಿವಾತದಲ್ಲಿ ಅದು ಬಹುಪಾಲು ನೆಗೆಟಿವ್ ಆಗಿಯೇ ಬರುತ್ತದೆ.

ನಿಮ್ಮ ಮನಸ್ಸಿನಲ್ಲಿರುವ, ಬರೆಯಲು ಹಿಂಜರಿದ ಮಾತು ರಕ್ತದ ಕ್ಯಾನ್ಸರ್ ಇರಬೇಕು. ಲ್ಯುಕೇಮಿಯಾದಲ್ಲಿ ಮೂಳೆನೋವು ಬರುವುದು ನಿಜ, ಕೆಲವೊಮ್ಮೆ ಮೊದಲ ರಕ್ತ ಪರೀಕ್ಷೆ ಸಹಜವಾಗಿಯೇ ಇರುವುದೂ ನಿಜ. ಆದರೆ ಆ ನೋವು ದಿನದಿಂದ ದಿನಕ್ಕೆ ಏರುತ್ತದೆ, ಹಗಲಿಗೂ ಹರಡುತ್ತದೆ, ಮಗು ಆಟ ಬಿಟ್ಟು ಎತ್ತಿಕೋ ಎನ್ನುತ್ತದೆ. ಜೊತೆಗೆ ಬಿಳಿಚಿಕೊಂಡ ಮುಖ, ಕಾರಣವಿಲ್ಲದ ಜ್ವರ, ಏಟಾಗದ ಜಾಗದಲ್ಲಿ ನೀಲಿ ಕಲೆ, ಇಳಿಯುವ ತೂಕ, ಕತ್ತಿನ ಗಂಟು ಇವುಗಳಲ್ಲಿ ಏನಾದರೂ ಕಾಣುತ್ತದೆ. ಹಾಗಿದ್ದಾಗ ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆ ‘ಪೆರಿಫೆರಲ್ ಸ್ಮಿಯರ್’ ಎಂದು ಬರೆಸಿ. ಮಿಷನ್ ಎಣಿಸಿದ ಅಂಕಿ ಸಾಲದು, ಪೆಥಾಲಜಿಸ್ಟ್ ರಕ್ತಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಬೇಕು. ನಾವು ಗಮನಿಸುವ ಒಂದು ಸುಳಿವು: ಉರಿಯೂತವಿದ್ದರೆ ಅದನ್ನು ತೋರಿಸುವ ರಕ್ತ ಪರೀಕ್ಷೆಯಾದ ಇಎಸ್‌ಆರ್ ಜೊತೆ ಪ್ಲೇಟ್‌ಲೆಟ್ ಕೂಡ ಏರಬೇಕು. ಇಎಸ್‌ಆರ್ ಏರಿಯೂ ಪ್ಲೇಟ್‌ಲೆಟ್ ಕೆಳಗಿದ್ದರೆ ಅನುಮಾನ ಪಡಬೇಕು. ಮತ್ತು ಕಾರಣ ಗೊತ್ತಾಗದ ನೋವಿಗೆ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಯಾರೇ ಕೊಟ್ಟರೂ ಬೇಡ. ಏನೆಂದು ಹೇಳದ ಪುಡಿ ಪೊಟ್ಟಣಗಳೂ ಬೇಡ, ಅವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದು. ನೋವು ಜಾದೂ ಹಾಕಿದಂತೆ ಹೋಗುತ್ತದೆ, ಲ್ಯುಕೇಮಿಯಾ ಇದ್ದರೆ ಅದು ಅರೆಬರೆ ಮರೆಯಾಗಿ ರೋಗನಿರ್ಣಯವೂ ಕೆಡುತ್ತದೆ, ಚಿಕಿತ್ಸೆಯೂ ಕೆಡುತ್ತದೆ.

ಮೊಣಕಾಲು ನೋವು ಎನ್ನುವ ಎಷ್ಟೋ ಮಕ್ಕಳ ರೋಗ ಸೊಂಟದಲ್ಲಿರುತ್ತದೆ. ಎರಡಕ್ಕೂ ಹಂಚಿಹೋದ ನರ ಇರುವುದರಿಂದ ನೋವು ಕೆಳಗೆ ಕಾಣಿಸುತ್ತದೆ. 4ರಿಂದ 8 ವರ್ಷದ ಹುಡುಗರಲ್ಲಿ ಪರ್ಥೀಸ್ ಎಂಬ ತೊಂದರೆ: ತೊಡೆಮೂಳೆಯ ತಲೆಗೆ ರಕ್ತ ಸಂಚಾರ ಕಡಿದು ಅದು ಕುಸಿಯುತ್ತದೆ. ಹರೆಯಕ್ಕೆ ಕಾಲಿಡುವ ದಪ್ಪ ಮಕ್ಕಳಲ್ಲಿ ಅದೇ ತಲೆ ಜಾರುತ್ತದೆ. ಮೊಣಕಾಲಿನ ಎಕ್ಸ್‌ರೇ ಚೆನ್ನಾಗಿದೆ ಎಂದು ಮನೆಗೆ ಕಳಿಸಿದರೂ ಮಗು ಕುಂಟುತ್ತಲೇ ಇದ್ದರೆ, ಎರಡೂ ಸೊಂಟದ ಎಕ್ಸ್‌ರೇ ಕೇಳಿ, ಕಪ್ಪೆಗಾಲು ಭಂಗಿಯಲ್ಲಿ ತೆಗೆದದ್ದೂ ಸೇರಿ.

ಪ್ರತಿ ರಾತ್ರಿ ಒಂದೇ ಕಾಲು, ಬೆರಳಿಟ್ಟು ತೋರಿಸುವಂಥ ಒಂದೇ ಜಾಗವಾದರೆ ಅದು ಬೆಳವಣಿಗೆ ನೋವಲ್ಲ, ಎಕ್ಸ್‌ರೇ ಆಗಲೇಬೇಕು. ಬೆಳಗ್ಗೆ ಎದ್ದಾಗ ಬಿಗಿಯಾಗಿ ಕುಂಟಿ, ಬಿಸಿಲೇರುತ್ತ ಸರಿಹೋಗುವ ಮಗು, ಒಂದು ಕೀಲು ಆರು ವಾರದಿಂದ ಊದಿದೆ ಎಂದರೆ ಸಂಧಿವಾತ. ಅದರಲ್ಲಿ ಕಣ್ಣು ಕೆಂಪಾಗದೆಯೇ ಒಳಗೊಳಗೇ ಹಾಳಾಗಬಹುದು, ನೇತ್ರ ತಜ್ಞರಿಗೂ ತೋರಿಸಬೇಕು. ಜ್ವರವೂ ಇದ್ದು ಕಾಲೂರಲೇ ಒಪ್ಪದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕೀಲಿನಲ್ಲಿ ಕೀವಾಗಿದ್ದರೆ ತಡವಾದಷ್ಟೂ ಮೃದ್ವಸ್ಥಿ ಕರಗುತ್ತದೆ. ಅದೇ ರಾತ್ರಿ ಆಸ್ಪತ್ರೆ.

ನೀವಿರುವ ಊರೂ ಲೆಕ್ಕಕ್ಕೆ ಬರುತ್ತದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದು ಹಲ್ಲಿಗೂ ಮೂಳೆಗೂ ತೊಂದರೆ ಕೊಡುತ್ತದೆ. ಹಲ್ಲಿನ ಮೇಲೆ ಸುಣ್ಣದಂಥ ಅಥವಾ ಕಂದು ಗೆರೆಗಳಿದ್ದರೆ ನೀರು ಪರೀಕ್ಷೆ ಮಾಡಿಸಿ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಕುಟುಂಬಗಳಲ್ಲಿ ಮೈಕೈ ಮೂಳೆನೋವು ಪದೇ ಪದೇ ಬಂದರೆ ಸಿಕಲ್ ಸೆಲ್ ಎಂಬ ಅನುವಂಶೀಯ ರಕ್ತರೋಗದ ಪರೀಕ್ಷೆ ಮೊದಲು. 2023ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಇನ್ನು ರಾತ್ರಿಯ ಉಪಚಾರ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಯಾವುದಾದರೂ ಸರಿ, ಗುಣ ಇರುವುದು ಕೈಯ ಒತ್ತಡದಲ್ಲಿ. ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ ಅಂಗೈಯಿಂದ ಹತ್ತು ನಿಮಿಷ ನೀವಿ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಇಡಿ, ಮೊದಲು ನಿಮ್ಮ ಮುಂಗೈ ಮೇಲೆ ಇಟ್ಟು ನೋಡಿ, ಮಗು ನಿದ್ದೆ ಹೋದ ಮೇಲೆ ತೆಗೆದುಬಿಡಿ. ಮಲಗುವ ಮುನ್ನ ದಿನಾ ಕಾಲು ಎಳೆದು ಬಿಡುವ ವ್ಯಾಯಾಮ ಮಾಡಿಸಿ: ಮೊಣಕಾಲು ನೇರ ಇಟ್ಟು ಪಾದವನ್ನು ಮುಖದ ಕಡೆಗೆ ತಳ್ಳುವುದು, ನೇರ ಕಾಲನ್ನು ಮೇಲೆತ್ತುವುದು, ಬೋರಲು ಮಲಗಿಸಿ ಹಿಮ್ಮಡಿಯನ್ನು ಅಂಡಿಗೆ ತಾಗಿಸುವುದು. ಒಂದೊಂದೂ 20 ಸೆಕೆಂಡ್, ಮೂರು ಸಲ, ಎರಡೂ ಕಾಲಿಗೆ. ಫಲ ಕಾಣಲು ಕೆಲವು ವಾರ ಬೇಕು. ಅಜ್ಜಿ ದೃಷ್ಟಿ ತೆಗೆಯುತ್ತಾರೆಂದರೆ ತೆಗೆಯಲಿ. ಬಿಗಿಯಾಗಿ ಕಟ್ಟು ಹಾಕಿಸುವುದು ಮಾತ್ರ ಬೇಡ.

ಅಷ್ಟಕ್ಕೂ ನಿಲ್ಲದ ರಾತ್ರಿ ಪ್ಯಾರಾಸಿಟಮಾಲ್, ಕೆ.ಜಿ.ಗೆ 15 ಮಿ.ಗ್ರಾಂ. ನಿಮ್ಮ ಮಗನಿಗೆ 300 ಮಿ.ಗ್ರಾಂ. ತಪ್ಪಾಗುವುದು ಇಲ್ಲೇ, ಸಿರಪ್ ಬೇರೆ ಬೇರೆ ಬಲದಲ್ಲಿ ಬರುತ್ತದೆ. ಬಾಟಲಿಯ ಮೇಲೆ 5 ಎಂ.ಎಲ್.ಗೆ 250 ಎಂದಿದ್ದರೆ 6 ಎಂ.ಎಲ್., 120 ಎಂದಿದ್ದರೆ 12.5 ಎಂ.ಎಲ್. ಅಡುಗೆಮನೆಯ ಚಮಚ ಬೇಡ, ಮುಚ್ಚಳದ ಅಳತೆ ಅಥವಾ ಸಿರಿಂಜ್. ನೆಗಡಿ ಸಿರಪ್‌ನಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ಸೇರಿ ಡೋಸ್ ಹೆಚ್ಚಾದೀತು. ವಾರಕ್ಕೆ ಮೂರು ನಾಲ್ಕು ರಾತ್ರಿ ಔಷಧಿ ಬೇಕೇಬೇಕು ಎಂದಾದರೆ ಮತ್ತೆ ತೋರಿಸಿ. ಜ್ವರವಿದ್ದರೆ ಐಬುಪ್ರೊಫೇನ್ ಕೊಡಬೇಡಿ, ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ. ನಿಮೆಸುಲೈಡ್ ಎಂಬ ನೋವು, ಜ್ವರದ ಔಷಧಿ 12 ವರ್ಷದೊಳಗಿನವರಿಗೆ 2011ರಲ್ಲೇ ನಿಷೇಧವಾಗಿದೆ. ಮನೆಯ ಡಬ್ಬದಲ್ಲಿ ಹಳೆಯದಿದ್ದರೆ ಎಸೆಯಿರಿ.

ವಿಟಮಿನ್ ಡಿ ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಎಂ.ಎಲ್.ಗೆ 12 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಬೇಕು. ಆದರೆ ಮೆಡಿಕಲ್ ಶಾಪಿನಿಂದ 60,000 ಯೂನಿಟ್‌ನ ಪೊಟ್ಟಣ ತಂದು ವಾರವಾರ ಕೊಡುತ್ತಾ ಹೋಗಬೇಡಿ. ದಿನಕ್ಕೆ 600 ಯೂನಿಟ್ ಸಾಕಾಗುವ ಮಗುವಿಗೆ ಒಂದು ಪೊಟ್ಟಣ 100 ದಿನದ ಪಾಲು. ಅತಿಯಾದರೆ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ತೊಂದರೆ. ಮಲಗಿದ ಕೂಡಲೇ ‘ಕಾಲು ಒಂಥರಾ ಆಗುತ್ತೆ’ ಎಂದು ಸದಾ ಆಡಿಸುತ್ತಿದ್ದರೆ ಫೆರಿಟಿನ್ ಕೂಡ ನೋಡಿಸಿ. ಕಬ್ಬಿಣಾಂಶ ಕಡಿಮೆಯಾದರೆ ಹಾಗಾಗುತ್ತದೆ.

ಮುಂದಿನ ಸಲ ಹೋಗುವ ಮುನ್ನ ನಾಲ್ಕು ವಾರ ಕ್ಯಾಲೆಂಡರಿನಲ್ಲಿ ಬರೆದಿಡಿ: ಯಾವ ರಾತ್ರಿ, ಯಾವ ಕಾಲು, ಎಷ್ಟು ಹೊತ್ತು, ಆ ದಿನ ಎಷ್ಟು ಆಡಿದ್ದ. ಬೆಳಗ್ಗೆ ಎದ್ದ ಕೂಡಲೇ ಬರಿಗಾಲಲ್ಲಿ ನಡೆಯುವುದನ್ನು ಹಿಂದಿನಿಂದಲೂ ಮುಂದಿನಿಂದಲೂ ಮೊಬೈಲಿನಲ್ಲಿ ವಿಡಿಯೊ ಮಾಡಿ, ಆಸ್ಪತ್ರೆಯ ವರಾಂಡದಲ್ಲಿ ಮಕ್ಕಳು ಕುಂಟುವುದೇ ಇಲ್ಲ. ಮತ್ತೆ, ಜೀನ್ಸ್ ಹಾಕಿಸಿಕೊಂಡು ಹೋಗಬೇಡಿ. ಸಡಿಲವಾದ ಚಡ್ಡಿಯಿದ್ದರೆ ಸೊಂಟದ ಕೀಲನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಲು ಡಾಕ್ಟರಿಗೆ ಸುಲಭ.