ಎಪ್ಪತ್ತು ಸೀಟು, ಏಳೆಂಟು ಜನ

ಬಹುತೇಕ ಖಾಲಿಯಾಗಿರುವ ವಿಮಾನದಲ್ಲಿ ಯಾರಾದರೂ ಹೋಗಿದ್ದೀರಾ, ಹೋದವರಿಗೆ ರಾಜಮರ್ಯಾದೆ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಹೋಗಿದ್ದೇನೆ. ರಾಜಮರ್ಯಾದೆ ಸಿಗುವುದಿಲ್ಲ. ಒಂದು ಬಾಟಲಿ ನೀರು ಹೆಚ್ಚಿಗೆ ಸಿಗಬಹುದು, ಅದೂ ಕೇಳಿದರೆ.

ನನ್ನ ಊರು ಕಲಬುರಗಿ, ಕೆಲಸ ಬೆಂಗಳೂರಿನಲ್ಲಿ. 2019ರ ನವೆಂಬರ್ 22ರಂದು ನಮ್ಮೂರಿನ ವಿಮಾನ ನಿಲ್ದಾಣದಿಂದ, ಸಣ್ಣ ಊರುಗಳಿಗೂ ಕಡಿಮೆ ದರದ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಹಾರಾಟ ಶುರುವಾಯಿತು. ಅಲ್ಲಿಯ ತನಕ ಉದ್ಯಾನ್ ಎಕ್ಸ್‌ಪ್ರೆಸ್ಸೋ ಬಸವ ಎಕ್ಸ್‌ಪ್ರೆಸ್ಸೋ ಹಿಡಿದು ರಾತ್ರಿಯಿಡೀ ಮಲಗಿಕೊಂಡು ಹೋಗುವುದೇ ಪದ್ಧತಿ. ಈಗಲೂ ಬಹುಪಾಲು ಜನ ಹಾಗೆಯೇ ಹೋಗುತ್ತಾರೆ. ಮಲಗಿದ ನಿದ್ದೆಯೂ ಆಯಿತು, ಲಾಡ್ಜಿನ ಖರ್ಚೂ ಉಳಿಯಿತು. ಅದರ ಮುಂದೆ ಮಧ್ಯಾಹ್ನದ ಹೊತ್ತಿನ ವಿಮಾನಕ್ಕಾಗಿ ಊರಾಚೆಯ ಶ್ರೀನಿವಾಸ ಸರಡಗಿಯ ತನಕ ಬಿಸಿಲಿನಲ್ಲಿ ಹೋಗುವವರು ಎಷ್ಟು ಮಂದಿ?

ಅಂಥದ್ದೊಂದು ಏಪ್ರಿಲ್ ಮಧ್ಯಾಹ್ನ ಎಪ್ಪತ್ತು ಸೀಟಿನ ಎಟಿಆರ್ ವಿಮಾನದಲ್ಲಿ ನಾವು ಏಳೆಂಟು ಜನ ಇದ್ದೆವು. ನನ್ನ ಪಕ್ಕದ ಸಾಲಿನಲ್ಲಿ ಧೋತರ, ಬಿಳಿ ಟೋಪಿಯ ಹಿರಿಯರೊಬ್ಬರು, ಮಗನ ಮನೆಗೆ ಹೊರಟವರು. ಬಾಗಿಲು ಹಾಕಲು ಹೊರಟ ಗಗನಸಖಿಯನ್ನು ಕರೆದು, ‘ತಂಗಿ, ಉಳಿದ ಮಂದಿ ಎಲ್ಲಿ ಹತ್ತುತ್ತಾರೆ?’ ಎಂದು ಕೇಳಿದರು. ‘ಇಷ್ಟೇ ಜನ ಸರ್’ ಎಂದಳು. ಅವರಿಗೆ ನಂಬಿಕೆ ಬರಲಿಲ್ಲ. ನನ್ನತ್ತ ತಿರುಗಿ, ‘ನಮ್ಮೂರಿನ ಟಂಟಂ ಹುಡುಗ ಇಷ್ಟು ಮಂದಿಗೆ ಕೀಲಿಯನ್ನೂ ತಿರುಗಿಸುವುದಿಲ್ಲ. ಇವರಿಗೆ ಹೇಗೆ ಪೂರೈಸುತ್ತದೆ ತಮ್ಮಾ?’ ಎಂದರು. (ಟಂಟಂ ಎಂದರೆ ನಮ್ಮ ಕಡೆಯ ಶೇರ್ ಆಟೊ.)

ಆ ಕ್ಷಣದಲ್ಲಿ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಬೆನ್ನಿಗೆ ಬರುವ ಪ್ರಶ್ನೆಯೂ ಇದೇ. ಟಂಟಂಗೆ ಆ ಒಂದು ಸವಾರಿಯೇ ವ್ಯಾಪಾರ. ವಿಮಾನಕ್ಕೆ ಹಾಗಲ್ಲ, ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ಕಲಬುರಗಿಯಲ್ಲಿ ಜನ ಇಲ್ಲವೆಂದು ಅದು ಇಲ್ಲೇ ನಿಂತರೆ, ಬೆಂಗಳೂರಿನಲ್ಲಿ ಅದೇ ವಿಮಾನಕ್ಕೆ ಕಾದಿರುವ ಮುಂದಿನ ಊರಿನ ಪ್ರಯಾಣಿಕರ ಗತಿ ಏನು? ಖಾಲಿಯೋ ತುಂಬಿಯೋ, ಅದು ಅಲ್ಲಿಗೆ ಹೋಗಲೇಬೇಕು. ಹಬ್ಬದ ಹಿಂದಿನ ದಿನ ಬೆಂಗಳೂರಿನಿಂದ ಕಿಕ್ಕಿರಿದು ಹೊರಟ ವಿಮಾನ ಮರಳುವಾಗ ಬಿಕೋ ಎನ್ನುವುದೂ ಇದೇ ಲೆಕ್ಕ. ಹಜ್ ಕಾಲದಲ್ಲಿ ಯಾತ್ರಿಕರನ್ನು ಜಿದ್ದಾಕ್ಕೆ ಇಳಿಸಿದ ವಿಶೇಷ ವಿಮಾನಗಳು ಪ್ರಯಾಣಿಕರಿಲ್ಲದೆ ಮರಳುವುದಂತೂ ವರ್ಷವರ್ಷದ ಮಾತು.

ಉಡಾನ್ ಮಾರ್ಗಗಳಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಸುಮಾರು ಅರ್ಧದಷ್ಟು ಸೀಟುಗಳನ್ನು ಕಡಿಮೆ ದರಕ್ಕೆ ಕೊಡಬೇಕು. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂದಿತ್ತು. ಅದರಿಂದಾಗುವ ಕೊರತೆಯನ್ನು ಮೂರು ವರ್ಷಗಳ ತನಕ ಸರ್ಕಾರ ತುಂಬಿಕೊಡುತ್ತದೆ. ಆ ಹಣದ ದೊಡ್ಡ ಪಾಲು ಬರುವುದು ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲಿನ ಸುಂಕದಿಂದ. ಎಂದರೆ ಬೆಂಗಳೂರಿನಿಂದ ದೆಹಲಿಗೆ ಮೊಣಕಾಲು ಮಡಚಿಕೊಂಡು ಹೋಗುವವರು ನಮ್ಮ ಖಾಲಿ ಸೀಟಿಗೂ ಒಂದಿಷ್ಟು ಕೊಟ್ಟಿರುತ್ತಾರೆ. ನಾನೂ ಆ ಮಾರ್ಗದಲ್ಲಿ ಓಡಾಡುವವನೇ, ಹಾಗಾಗಿ ನನಗೆ ಸಂಕೋಚವಿಲ್ಲ.

ಯುರೋಪಿನಲ್ಲಿ ಇದು ಇನ್ನೂ ವಿಚಿತ್ರ. ದಟ್ಟಣೆಯ ನಿಲ್ದಾಣಗಳಲ್ಲಿ ಏರುವ, ಇಳಿಯುವ ಹೊತ್ತನ್ನು ಕಂಪನಿಗಳಿಗೆ ಹಂಚಿರುತ್ತಾರೆ. ಸಾಮಾನ್ಯ ಕಾಲದಲ್ಲಿ ಅದರಲ್ಲಿ ಶೇಕಡಾ 80ರಷ್ಟನ್ನಾದರೂ ಬಳಸದಿದ್ದರೆ ಮುಂದಿನ ವರ್ಷ ಆ ಹೊತ್ತು ಕೈತಪ್ಪುತ್ತದೆ. ಕೋವಿಡ್ ಕಾಲದಲ್ಲಿ ಈ ಮಿತಿಯನ್ನು ಇಳಿಸಿದರು. ಆದರೂ 2021–22ರ ಚಳಿಗಾಲದಲ್ಲಿ ಹೊತ್ತು ಉಳಿಸಿಕೊಳ್ಳಲಿಕ್ಕಾಗಿಯೇ 18,000 ಅನಗತ್ಯ ಹಾರಾಟ ನಡೆಸಬೇಕಾಗುತ್ತದೆ ಎಂದು ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ ಸಮೂಹದ ಮುಖ್ಯಸ್ಥರೇ ಹೇಳಿದ್ದರು.

ಸರಿ, ಒಳಗೆ ಕುಳಿತವರ ಪಾಡಿಗೆ ಬರೋಣ. ಖಾಲಿ ವಿಮಾನ ಎಂದ ಕೂಡಲೇ ಮೂರು ಸೀಟು ಅಡ್ಡಲಾಗಿ ಹಿಡಿದು ಮಲಗುವ ಚಿತ್ರ ಎಲ್ಲರ ಕಣ್ಣಿಗೂ ಬರುತ್ತದೆ. ನಮ್ಮನ್ನು ಮಾತ್ರ ನಡುವಿನ ನಾಲ್ಕೈದು ಸಾಲುಗಳಲ್ಲಿ ಕೂರಿಸಿ, ವಿಮಾನ ಮೇಲೇರುವ ತನಕ ಕದಲಬೇಡಿ ಎಂದರು. ಹಿಂದೆ ಸಾಲುಸಾಲು ಖಾಲಿ, ಮುಂದೆಯೂ ಖಾಲಿ, ನಾವು ಮಾತ್ರ ಒತ್ತೊತ್ತಾಗಿ! ಕಾರಣ ತೂಕದ ಸಮತೋಲ. ಯಾವ ಭಾಗದಲ್ಲಿ ಎಷ್ಟು ಜನ, ಎಲ್ಲಿ ಎಷ್ಟು ಸರಕು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಬಾಲದ ರೆಕ್ಕೆಯ ಪಟ್ಟಿಯನ್ನು ಹೊಂದಿಸಿಕೊಂಡೇ ಪೈಲಟ್ ಹೊರಡುವುದು. ನಮ್ಮಲ್ಲಿ ದೊಡ್ಡವರಿಗೆ ತಲಾ 75 ಕಿಲೋ ಎಂದು ಹಿಡಿಯುತ್ತಾರೆ. ಇದ್ದವರೆಲ್ಲ ತಮಗಿಷ್ಟ ಬಂದ ಕಡೆ ಹೋಗಿ ಕುಳಿತರೆ ಆ ಲೆಕ್ಕ ಕೆಡುತ್ತದೆ, ಸಣ್ಣ ವಿಮಾನದಲ್ಲಿ ಬೇಗ ಕೆಡುತ್ತದೆ. ಆ ಮಧ್ಯಾಹ್ನ ನಾನು ಪ್ರಯಾಣಿಕನೂ ಹೌದು, 75 ಕಿಲೋ ಸರಕೂ ಹೌದು. (ನಿಜವಾದ ತೂಕ ಅದಕ್ಕಿಂತ ಹೆಚ್ಚು, ಅದು ಇಲ್ಲಿ ಬೇಡ.)

ಇನ್ನೊಂದು ಮುಜುಗರವನ್ನು ಯಾರೂ ಮೊದಲೇ ಹೇಳುವುದಿಲ್ಲ. ತುಂಬಿದ ವಿಮಾನದಲ್ಲಿ ಸುರಕ್ಷತಾ ಸೂಚನೆ ಕೊಡುವಾಗ ನಾವೆಲ್ಲ ಮೊಬೈಲಿನಲ್ಲಿ ಮುಳುಗಿರುತ್ತೇವೆ. ಏಳೆಂಟು ಜನರಿದ್ದಾಗ ಗಗನಸಖಿ ಸೀಟಿನ ಪಟ್ಟಿ ಬಿಗಿಯುವುದನ್ನು ನಿಮ್ಮ ಕಣ್ಣಿಗೆ ಕಣ್ಣಿಟ್ಟು ತೋರಿಸುತ್ತಾಳೆ. ಮುಖ ತಿರುಗಿಸಲು ಆಗುವುದಿಲ್ಲ. ಜೀವ ರಕ್ಷಕ ಅಂಗಿಗೆ ಬಾಯಿಂದ ಗಾಳಿ ಊದುವ ಕೊಳವೆ ಎಲ್ಲಿರುತ್ತದೆ ಎಂದು ನಾನು ಸರಿಯಾಗಿ ನೋಡಿದ್ದು ಅಂದೇ. ಹಿರಿಯರು ಎಲ್ಲ ಮುಗಿದ ಮೇಲೆ ಆಕೆಗೆ ಕೈಮುಗಿದರು.

ಕುಲುಕಾಟವೂ ಹೆಚ್ಚು. ಹಗುರವಾದ ವಿಮಾನವನ್ನು ಗಾಳಿ ಸುಲಭವಾಗಿ ಎತ್ತಿ ಹಾಕುತ್ತದೆ. ಒಳಗೆ ಭಾರ ಇದ್ದಷ್ಟೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅದರ ಮೇಲೆ ಕಲಬುರಗಿಯ ಏಪ್ರಿಲ್ ಬಿಸಿಲು. ಕಾದ ಕರಿನೆಲದಿಂದ ಮೇಲೇಳುವ ಗಾಳಿ ಮೊದಲ ಹತ್ತು ನಿಮಿಷ ನಮ್ಮನ್ನು ಚೆನ್ನಾಗಿಯೇ ಆಡಿಸಿತು. ಜನರಿಲ್ಲದ ಕಾರಣ ಪ್ರತಿಯೊಂದು ಸದ್ದೂ ಕೇಳುತ್ತಿತ್ತು: ಸಾಮಾನಿನ ಗೂಡಿನ ಮುಚ್ಚಳ, ಎಲ್ಲೋ ಸಡಿಲಾದ ತಟ್ಟೆ, ಹಿಂದಿನ ಖಾಲಿ ಸೀಟುಗಳ ಕಿರುಗುಟ್ಟುವಿಕೆ. ಮೇಲೆ ಹೋದ ಮೇಲೆ ಚಳಿ. ಎಪ್ಪತ್ತು ದೇಹಗಳ ಬಿಸಿ ಇಲ್ಲದಿದ್ದರೆ ಏಸಿ ಎಷ್ಟು ಕೊರೆಯುತ್ತದೆ ಎಂಬುದು ಅಂದು ತಿಳಿಯಿತು. ಹೊರಡುವ ಮುಂಚೆ ಬೆವರು ಒರೆಸಿಕೊಳ್ಳುತ್ತಿದ್ದ ಹಿರಿಯರು ಹೆಗಲ ಮೇಲಿನ ವಸ್ತ್ರವನ್ನು ಕಿವಿಗೆ ಸುತ್ತಿಕೊಂಡರು.

2021ರ ಮೇ ತಿಂಗಳಲ್ಲಿ ದೆಹಲಿಯಿಂದ ಬೆಂಗಳೂರಿಗೆ ಬಂದ ವಿಮಾನವೂ ಖಾಲಿಯೇ ಇತ್ತು, ಆದರೆ ಅದರ ಬಗೆ ಬೇರೆ. ಕೋವಿಡ್ ಎರಡನೆಯ ಅಲೆ. ಆ ವರ್ಷದ ಏಪ್ರಿಲ್‌ನಲ್ಲಿ ದೇಶದೊಳಗೆ ಸುಮಾರು 57 ಲಕ್ಷ ಜನ ವಿಮಾನ ಏರಿದ್ದರು. ಮೇ ತಿಂಗಳಲ್ಲಿ ಅದು ಸುಮಾರು 21 ಲಕ್ಷಕ್ಕೆ ಕುಸಿಯಿತು. ಮಾಸ್ಕ್, ಅದರ ಮೇಲೆ ಮುಖಕವಚ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಯಾರೂ ಯಾರೊಂದಿಗೂ ಮಾತನಾಡಲಿಲ್ಲ. ಹೆಚ್ಚಿನವರು ಆಸ್ಪತ್ರೆಗೋ ಸಾವಿನ ಮನೆಗೋ ಹೊರಟವರು ಎಂದು ಅವರ ಫೋನ್ ಮಾತುಗಳಿಂದಲೇ ತಿಳಿಯುತ್ತಿತ್ತು. ಸೀಟು ಖಾಲಿ ಇದ್ದರೂ ಟಿಕೆಟ್ ಅಗ್ಗವಾಗಿರಲಿಲ್ಲ. ಆಗ ಸರ್ಕಾರವೇ ಕನಿಷ್ಠ, ಗರಿಷ್ಠ ದರಗಳನ್ನು ನಿಗದಿ ಮಾಡಿತ್ತು, ಅದು 2022ರ ಆಗಸ್ಟ್ ಕೊನೆಯ ತನಕ ಇತ್ತು. ನಾಲ್ವರು ಗಗನಸಖಿಯರೂ ಇದ್ದರು. 50 ಸೀಟಿಗೆ ಒಬ್ಬರಂತೆ ಇರಬೇಕೆಂಬುದು ನಿಯಮ, ಅದರಲ್ಲಿ ಕುಳಿತವರ ಲೆಕ್ಕ ಬರುವುದಿಲ್ಲ. ಅದೇ ತಿಂಗಳು ಮುಂಬೈನಿಂದ ದುಬೈಗೆ 360 ಸೀಟಿನ ಬೋಯಿಂಗ್ 777ರಲ್ಲಿ ಒಬ್ಬರೇ ಪ್ರಯಾಣಿಕರು ಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅದಕ್ಕೂ ಹಳೆಯ ದಾಖಲೆ 1988ರದು: ಟೋಕಿಯೊದಿಂದ ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್‌ನ ಜಂಬೊ ಜೆಟ್‌ನಲ್ಲಿ 353 ಸೀಟು, 15 ಸಿಬ್ಬಂದಿ, ಒಬ್ಬರೇ ಪ್ರಯಾಣಿಕರು. ಅವರಿಗೆ ಮಾತ್ರ ರಾಜಮರ್ಯಾದೆ ಸಿಕ್ಕಿರಬೇಕು.

ನೀವು ಬೇಕೆಂದೇ ಖಾಲಿ ವಿಮಾನ ಹುಡುಕುವವರಾದರೆ ಎರಡು ಮಾತು. ಬುಕಿಂಗ್ ಪುಟದಲ್ಲಿ ಸೀಟುಗಳ ಚಿತ್ರ ಖಾಲಿ ಕಂಡರೆ ನಂಬಬೇಡಿ. ಹಣ ಕೊಟ್ಟು ಸೀಟು ಆರಿಸಿಕೊಳ್ಳದವರು ಅದರಲ್ಲಿ ಕಾಣಿಸುವುದೇ ಇಲ್ಲ. ಇನ್ನೊಂದು, ತೀರಾ ಖಾಲಿ ಇರುವ ವಿಮಾನ ಹಾರದೆಯೂ ಇರಬಹುದು. ನನಗೆ ಒಮ್ಮೆ ಹಿಂದಿನ ರಾತ್ರಿ ‘ಕಾರ್ಯಾಚರಣೆಯ ಕಾರಣದಿಂದ’ ರದ್ದಾಗಿದೆ ಎಂಬ ಸಂದೇಶ ಬಂತು. ಕಾರಣ ಏನಿರಬಹುದು ಎಂದು ಊಹಿಸಲು ಕಷ್ಟವಾಗಲಿಲ್ಲ. ಹೀಗೆ ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ, ಮಳೆಗಾಳಿಯಂಥ ಅವರ ಕೈಮೀರಿದ ಕಾರಣ ಇಲ್ಲದಿದ್ದರೆ, ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿ ತನಕ ಪರಿಹಾರ ಕೇಳಬಹುದು. ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ. ಟಿಕೆಟ್ ತೆಗೆಯುವಾಗ ಏಜೆಂಟನದಲ್ಲ, ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿಸಿ. ಸಂಪರ್ಕ ವಿವರ ಇಲ್ಲದವರಿಗೆ ಆ ಪರಿಹಾರ ಸಿಗುವುದಿಲ್ಲ.